ಮುಳ್ಳಿನ ಹೆದರಿಕೆ ಇಲ್ಲದ ರಷ್ಯನ್ ಮೀನಿನ ಕಟ್ಲೆಟ್



ಮನೆಗೆ ಮೀನು ತಂದ ದಿನ ಎಲ್ಲರಿಗೂ ಸಂಭ್ರಮ, ಬಡಿಸುವವಳಿಗೆ ಮಾತ್ರ ನೆಮ್ಮದಿ ಇಲ್ಲ. ಮಗುವಿನ ತಟ್ಟೆಯಲ್ಲಿ ಮುಳ್ಳು ಬಿಡಿಸಿಕೊಡಬೇಕು, ಕಣ್ಣು ಮಂಜಾದ ಅತ್ತೆ-ಮಾವನವರಿಗೂ ಬಿಡಿಸಿಕೊಡಬೇಕು. ಅಷ್ಟರಲ್ಲಿ ಅವಳ ಅನ್ನ ಆರಿ ತಣ್ಣಗಾಗಿರುತ್ತೆ. "ನನಗೆ ಮೀನಿನ ತುಂಡು ಬೇಡಮ್ಮ, ಬರೀ ಸಾರು ಹಾಕು" ಎನ್ನುವ ಹಿರಿಯರು ಎಷ್ಟು ಮನೆಗಳಲ್ಲಿಲ್ಲ ಹೇಳಿ! ಆಸೆ ಇಲ್ಲದೆ ಅಲ್ಲ, ಮುಳ್ಳು ಗಂಟಲಿಗೆ ಸಿಕ್ಕೀತು ಎಂಬ ಭಯಕ್ಕೆ ಹಾಗೆನ್ನುತ್ತಾರೆ.

ರಷ್ಯಾದ ಗೃಹಿಣಿಯರಿಗೂ ಇದೇ ಕಷ್ಟವಿತ್ತು. ಅಲ್ಲಿಯ ನದಿಗಳಲ್ಲಿ ಪೈಕ್ ಎಂಬ ಮೀನು ಹೇರಳ. ನಮ್ಮ ಕಾಟ್ಲಾ, ರೋಹುವಿನ ಹಾಗೆ ಅದರ ಮೈಯೆಲ್ಲ ಸಣ್ಣ ಸಣ್ಣ ಮುಳ್ಳು. ಅದಕ್ಕೇ ಅವರು ಮೀನನ್ನು ನುಣ್ಣಗೆ ಕೊಚ್ಚಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಸೇರಿಸಿ, ಮೃದುವಾದ ಕಟ್ಲೆಟ್ ಮಾಡುತ್ತಾರೆ. ಇದಕ್ಕೆ ರಷ್ಯನ್ ಭಾಷೆಯಲ್ಲಿ 'ರಿಬ್ನಿಯೆ ಕೊಟ್ಲೆಟಿ' ಎಂದು ಹೆಸರು. 'ರೀಬ' ಎಂದರೆ ಮೀನು. ಕೊಟ್ಲೆಟಿ ಎಂದರೆ ನಮ್ಮ ಕಟ್ಲೆಟ್ಟೇ. ಎರಡು ಮಾತೂ ಹುಟ್ಟಿದ್ದು ಫ್ರೆಂಚ್ ಭಾಷೆಯಿಂದ.

ಸೋವಿಯತ್ ಕಾಲದಲ್ಲಿ ಈ ತಿಂಡಿ ಮನೆಮನೆಯ ಮಾತಾಯಿತು. ಮಾಂಸದ ಅಭಾವವಿದ್ದುದರಿಂದ 1932ರಲ್ಲಿ ಅಲ್ಲಿಯ ಸರ್ಕಾರ ಕ್ಯಾಂಟೀನುಗಳಲ್ಲಿ ವಾರಕ್ಕೊಂದು 'ಮೀನಿನ ದಿನ'ವನ್ನು ಜಾರಿಗೆ ತಂದಿತು. 1976ರಲ್ಲಿ ಅದಕ್ಕೆ ಗುರುವಾರವೇ ಎಂದು ಗೊತ್ತುಮಾಡಿತು. ನಮ್ಮಲ್ಲಿ ಗುರುವಾರವೆಂದರೆ ರಾಯರ ವಾರ, ಮೀನಿನ ಪಾತ್ರೆ ಒಲೆಯ ಮೇಲೆ ಏರದ ಮನೆಗಳು ಎಷ್ಟೋ. ಅಲ್ಲಿ ಅದೇ ದಿನ ಊರಿಗೆಲ್ಲ ಮೀನಿನೂಟ! ವಿಚಿತ್ರ ಅಲ್ವೇ?

ಈ ಕಟ್ಲೆಟ್ಟಿಗೆ ಶುಂಠಿ-ಬೆಳ್ಳುಳ್ಳಿ, ಖಾರದಪುಡಿ, ಗರಂ ಮಸಾಲೆ ಯಾವುದೂ ಬೇಡ. ಉಪ್ಪು, ಕರಿಮೆಣಸು, ಈರುಳ್ಳಿ, ಜೊತೆಗೆ ಒಂದು ಸೊಪ್ಪು, ಅಷ್ಟೆ. ಆ ಸೊಪ್ಪು ಯಾವುದು ಗೊತ್ತೇ? ನಾವು ಅಕ್ಕಿರೊಟ್ಟಿಗೆ ಹಾಕುವ, ಬಾಣಂತಿಯರಿಗೆ ಕೊಡುವ ಸಬ್ಬಸಿಗೆ ಸೊಪ್ಪು! ರಷ್ಯನ್ನರು ಅದನ್ನು 'ಉಕ್ರೋಪ್' ಎನ್ನುತ್ತಾರೆ. ಸೂಪು, ಆಲೂಗೆಡ್ಡೆ, ಉಪ್ಪಿನ ಸೌತೆಕಾಯಿ, ಮೀನು, ಎಲ್ಲದಕ್ಕೂ ಅವರಿಗೆ ಅದು ಬೇಕೇ ಬೇಕು.

ಮಸಾಲೆ ಇಲ್ಲದ್ದರಿಂದ ಹಳಸಲು ಮೀನಿನ ವಾಸನೆಯನ್ನು ಮುಚ್ಚಿಡಲು ಇಲ್ಲಿ ಏನೂ ಇಲ್ಲ. ಕಿವಿರು ಕೆಂಪಗಿದ್ದು, ಕಣ್ಣು ಉಬ್ಬಿ ಹೊಳೆಯುತ್ತಾ, ಬೆರಳಿನಿಂದ ಒತ್ತಿದರೆ ಗುಳಿ ಬೀಳದ ಮೀನನ್ನೇ ಆರಿಸಿ. ಅಂಜಲ್, ಕಾಣೆ ಬಹಳ ಒಳ್ಳೆಯದು. ಬಂಗುಡೆ, ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಈ ಹದಕ್ಕೆ ಬರುವುದಿಲ್ಲ.

ಬೇಕಾಗುವ ಸಾಮಾನು (ಸುಮಾರು 14 ಕಟ್ಲೆಟ್ಟಿಗೆ):

ಚರ್ಮ, ಮುಳ್ಳು ತೆಗೆದ ಮೀನು ½ ಕಿಲೋ
ಹಿಂದಿನ ದಿನದ ಬ್ರೆಡ್ಡು 4 ಹೋಳು (ಅಂಚು ತೆಗೆದು)
ಹಾಲು ಅರ್ಧ ಲೋಟ
ಈರುಳ್ಳಿ 2
ಮೊಟ್ಟೆ 2
ಬೆಣ್ಣೆ 2 ಚಮಚ
ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು 1 ಹಿಡಿ
ಉಪ್ಪು 1 ಟೀ ಚಮಚ
ಕರಿಮೆಣಸಿನ ಪುಡಿ ½ ಟೀ ಚಮಚ
ಒಣ ಬ್ರೆಡ್ಡಿನ ಪುಡಿ ಅಥವಾ ಚಿರೋಟಿ ರವೆ 1 ಬಟ್ಟಲು
ಕರಿಯಲು ಎಣ್ಣೆ

ಮಾಡುವ ಕ್ರಮ:

ಮೊದಲು ಮುಳ್ಳಿನ ಕೆಲಸ. ಮೀನನ್ನು ಉದ್ದಕ್ಕೆ ಸೀಳಿ, ನಡುಮುಳ್ಳು ತೆಗೆದು, ಚರ್ಮ ಕೆಳಗಾಗುವಂತೆ ಮಣೆಯ ಮೇಲಿಟ್ಟು, ಚಮಚದಿಂದ ಮಾಂಸವನ್ನು ಕೆರೆದು ತೆಗೆಯಿರಿ. ಬೆರಳಾಡಿಸಿ ಒಂದಲ್ಲ ಎರಡಲ್ಲ, ಮೂರು ಸಲ ನೋಡಿ. ಆಮೇಲೆ ಚಾಕುವಿನಿಂದ ನುಣ್ಣಗೆ ಕೊಚ್ಚಿ. ಮಿಕ್ಸಿಗೆ ಹಾಕುವವರು ಬಿಟ್ಟು ಬಿಟ್ಟು ತಿರುಗಿಸಿ, ಚಟ್ನಿಯ ಹಾಗೆ ಅರೆಯಬೇಡಿ. ಕಾಟ್ಲಾ, ರೋಹು ಆದರೆ ಹಸಿಯಲ್ಲಿ ಎಲ್ಲ ಮುಳ್ಳೂ ಕೈಗೆ ಸಿಗುವುದಿಲ್ಲ. ಮಕ್ಕಳು, ವಯಸ್ಸಾದವರು ತಿನ್ನುವುದಿದ್ದರೆ ಅಂಥ ಮೀನನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ನಿಧಾನವಾಗಿ ಮುಳ್ಳು ಬಿಡಿಸಿಬಿಡಿ. ಬೆಂದ ಮೀನಿಗೆ ಅಂಟು ಕಡಿಮೆಯಾದ್ದರಿಂದ ಒಂದು ಬೇಯಿಸಿದ ಆಲೂಗೆಡ್ಡೆ ಮಸೆದು ಸೇರಿಸಿಕೊಳ್ಳಬೇಕು.

ಬ್ರೆಡ್ಡನ್ನು ಹಾಲಿನಲ್ಲಿ 10 ನಿಮಿಷ ನೆನೆಸಿ ಮೆತ್ತಗೆ ಹಿಂಡಿ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಅರ್ಧ ಚಮಚ ಬೆಣ್ಣೆಯಲ್ಲಿ ಕೆಂಪಾಗದಂತೆ ಬಾಡಿಸಿ ಆರಲು ಬಿಡಿ. ಮೀನು, ಬ್ರೆಡ್ಡು, ಈರುಳ್ಳಿ, ಒಂದು ಮೊಟ್ಟೆ, ಉಪ್ಪು, ಮೆಣಸು, ಸಬ್ಬಸಿಗೆ ಎಲ್ಲ ಸೇರಿಸಿ 5 ನಿಮಿಷ ಚೆನ್ನಾಗಿ ನಾದಿ. ಆಮೇಲೆ ಈ ಮಿಶ್ರಣವನ್ನು ಕೈಯಲ್ಲಿ ಎತ್ತಿ ಪಾತ್ರೆಗೆ ಪಟಪಟನೆ 15-20 ಸಲ ಬಡಿಯಿರಿ. ರಷ್ಯನ್ ಅಡುಗೆಯವರ ಗುಟ್ಟು ಇದೇ. ಉಪ್ಪು ಬೆರೆಸಿ ನಾದಿದಾಗ ಹಸಿ ಮೀನು ಅಂಟು ಬಿಡುತ್ತದೆ, ಕಟ್ಲೆಟ್ ಬಾಣಲೆಯಲ್ಲಿ ಒಡೆಯುವುದಿಲ್ಲ. ಕೊನೆಗೆ ಉಳಿದ ಬೆಣ್ಣೆಯನ್ನು ಗಟ್ಟಿ ಇರುವಾಗಲೇ ಚೂರು ಮಾಡಿ ಸೇರಿಸಿ. ಕಾಯುವಾಗ ಅದು ಒಳಗೇ ಕರಗಿ, ಒಣಕಲು ಮೀನನ್ನೂ ಮೆತ್ತಗೆ ಮಾಡುತ್ತೆ. ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಕೈ ಒದ್ದೆ ಮಾಡಿಕೊಂಡು ಹೆಬ್ಬೆರಳು ದಪ್ಪಕ್ಕೆ, ಮೊಟ್ಟೆಯಾಕಾರಕ್ಕೆ ತಟ್ಟಿ. ಇನ್ನೊಂದು ಮೊಟ್ಟೆಯನ್ನು ಕದಡಿ, ಅದರಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ. ಬಜ್ಜಿಯ ಹಾಗೆ ಎಣ್ಣೆಯಲ್ಲಿ ಮುಳುಗಿಸಬೇಕಿಲ್ಲ. ಬಾಣಲೆಯಲ್ಲಿ ಅರ್ಧ ಬೆರಳಿನಷ್ಟು ಎಣ್ಣೆ ಸಾಕು. ಹದ ಉರಿಯಲ್ಲಿ ಎರಡೂ ಕಡೆ 4 ನಿಮಿಷ ಕೆಂಪಗೆ ಕರಿದು, ಉರಿ ಸಣ್ಣ ಮಾಡಿ, ಮುಚ್ಚಳ ಹಾಕಿ ಇನ್ನು 4-5 ನಿಮಿಷ ಬಿಡಿ. ಒಂದನ್ನು ಮುರಿದು ನೋಡಿ, ಒಳಗೆ ಪೂರ್ತಿ ಬಿಳುಪಾಗಿದ್ದರೆ ಬೆಂದಿದೆ ಎಂದರ್ಥ.

ನಂಚಿಕೊಳ್ಳಲು:

ರಷ್ಯನ್ನರು ಇದರ ಜೊತೆ 'ಸ್ಮೆತಾನ' ಬಡಿಸುತ್ತಾರೆ. ಏನೋ ಅಪರೂಪದ್ದು ಎಂದು ಗಾಬರಿಯಾಗಬೇಡಿ. ಬೆಣ್ಣೆ ತೆಗೆಯಲು ನಾವು ಕೆನೆಗೆ ಹೆಪ್ಪು ಹಾಕಿಡುತ್ತೇವಲ್ಲ, ಹೆಚ್ಚುಕಡಿಮೆ ಅದೇ! ಒಂದು ದಿನದ ತಾಜಾ ಕೆನೆಮೊಸರಿಗೆ ಉಪ್ಪು, ಮೆಣಸು, ಸಬ್ಬಸಿಗೆ ಬೆರೆಸಿದರೆ ಆಯಿತು. ಬಿಸಿ ಮಾಡಬೇಡಿ, ಒಡೆದುಹೋಗುತ್ತೆ. ಪಕ್ಕಕ್ಕೆ ಮಸೆದ ಆಲೂಗೆಡ್ಡೆ, ಸೌತೆಕಾಯಿ ಇರಲಿ.

ಇನ್ನು ವಿಶೇಷ ದಿನಕ್ಕೆ 'ತೆಲ್ನೋಯೆ' ಮಾಡಿ. ಇದೇ ಮಿಶ್ರಣವನ್ನು ಒದ್ದೆ ಬಟ್ಟೆಯ ಮೇಲೆ ದುಂಡಗೆ ತಟ್ಟಿ, ಬಾಡಿಸಿದ ಈರುಳ್ಳಿ, ಅಣಬೆ, ಬೇಯಿಸಿದ ಮೊಟ್ಟೆಯ ಚೂರು ಇಟ್ಟು, ಕರಿಗಡುಬಿನಂತೆ ಅರ್ಧಚಂದ್ರಾಕಾರಕ್ಕೆ ಮಡಚಿ ಕರಿಯುವುದು.

ಮೀನಿಗೆ ಹಾಲೇ?

ಈ ಪ್ರಶ್ನೆ ನಿಮ್ಮ ಮನಸ್ಸಿಗೆ ಆಗಲೇ ಬಂದಿರಬೇಕು. ಚರಕ ಸಂಹಿತೆ ಮೀನು-ಹಾಲನ್ನು ವಿರುದ್ಧಾಹಾರವೆಂದೇ ಹೇಳಿದೆ. ಆ ನಿಯಮ ಪಾಲಿಸುವ ಮನೆಯಲ್ಲಿ ಬ್ರೆಡ್ಡನ್ನು ನೀರಿನಲ್ಲಿ ನೆನೆಸಿ, ಬೆಣ್ಣೆಯ ಬದಲು ಎಣ್ಣೆ ಹಾಕಿ, ಕೆನೆಮೊಸರಿನ ಬದಲು ನಿಂಬೆರಸ ಹಿಂಡಿ. ರಷ್ಯಾದ ಕ್ರೈಸ್ತರ ಉಪವಾಸಗಳಲ್ಲೂ ಮಾಂಸ, ಹಾಲು, ಮೊಟ್ಟೆ ನಿಷಿದ್ಧ, ಮೀನಿಗೆ ಕೆಲವು ದಿನ ಮಾತ್ರ ಅಪ್ಪಣೆ. ಆಗ ಅವರೂ ಬ್ರೆಡ್ಡನ್ನು ನೀರಿನಲ್ಲೇ ನೆನೆಸುತ್ತಾರೆ.

ಆದರೆ ಮೀನು-ಹಾಲು ಒಟ್ಟಿಗೆ ತಿಂದರೆ ತೊನ್ನು ಬರುತ್ತದೆ ಎಂಬ ಮಾತಿಗೆ ಇಂದಿನ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ ಅದು ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮೈಮೇಲೆ ಬಿಳಿ ಮಚ್ಚೆಯಿರುವ ಹೆಣ್ಣುಮಗಳನ್ನು ಕಂಡಾಗ "ಏನು ತಿಂದಿದ್ದೆ?" ಎಂದು ಕೇಳಿ ನೋಯಿಸುವುದನ್ನು ನಾವು ಬಿಡಬೇಕು ಸೋದರಿಯರೇ.

ಕೊನೆಗೊಂದು ಮಾತು. ಕಿವಿರು ತೆಗೆದ ತಲೆ, ನಡುಮುಳ್ಳನ್ನು ಎಸೆಯಬೇಡಿ. ಈರುಳ್ಳಿ, ಮೆಣಸು, ದಾಲ್ಚಿನ್ನಿ ಎಲೆ ಹಾಕಿ ಅರ್ಧ ಗಂಟೆ ಕುದಿಸಿ, ಎರಡು ಸಲ ಸೋಸಿದರೆ ಒಳ್ಳೆಯ ತಿಳಿಸಾರು. ಒಂದು ಕಿಲೋ ಮೀನಿನಲ್ಲಿ ಏಳು ಜನರಿಗೆ ತಲಾ ಎರಡು ಕಟ್ಲೆಟ್, ಮೇಲೆ ಒಂದೊಂದು ಬಟ್ಟಲು ಸಾರು. ಆ ದಿನ ಯಾರಿಗೂ ಮುಳ್ಳು ಬಿಡಿಸಿಕೊಡುವ ಕೆಲಸವಿಲ್ಲ. ಬಡಿಸಿದವಳೂ ಎಲ್ಲರ ಜೊತೆ ಬಿಸಿಬಿಸಿಯಾಗಿಯೇ ಉಣ್ಣಬಹುದು. ಮಾಡಿ ನೋಡಿ!