ಕಥೆ ಹೇಳುವ ‘ನಾನು’ ಯಾರು?

‘ನಾನೇನೂ ಅನ್ಲಿಲ್ಲ ಕಣೇ, ಅವಳೇ ಬಾಗಿಲು ಹಾಕ್ಕೊಂಡ್ಲು.’

ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಹೆಂಗಸೊಬ್ಬರು ಫೋನಿನಲ್ಲಿ ಹೇಳುತ್ತಿದ್ದರು. ರೈಲು ಬಂತು, ಮಾತು ಅರ್ಧಕ್ಕೇ ನಿಂತಿತು. ಇಂದಿರಾನಗರ ದಾಟಿದರೂ ನನ್ನನ್ನು ಕಾಡಿದ್ದು ಬಾಗಿಲು ಹಾಕಿಕೊಂಡವಳು. ಅವಳ ಬಾಯಲ್ಲಿ ಇದೇ ಸಂಗತಿ ಬೇರೆಯೇ ಕಥೆಯಾಗುತ್ತಿತ್ತು.

ಕಥೆ ಹೇಳುವ ಈ ದನಿಗೆ ವಿಮರ್ಶಕರು ‘ನಿರೂಪಕ’ ಎನ್ನುತ್ತಾರೆ. ಪಾತ್ರ, ಸನ್ನಿವೇಶ, ಉಪಮೆಗಳ ಬಗ್ಗೆ ಶಾಲೆಯಲ್ಲೇ ಓದುತ್ತೇವೆ. ಹೇಳುವವರು ಯಾರು ಎಂಬುದನ್ನು ಮಾತ್ರ ಗಮನಿಸದೆ ದಾಟಿಬಿಡುತ್ತೇವೆ. ಕನ್ನಡದಲ್ಲಿ ಈ ದನಿ ನಡೆದುಬಂದ ದಾರಿ ಉದ್ದವಾದದ್ದು.

ನಮಗೆ ಸಿಕ್ಕಿರುವ ಅತಿ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಹೇಳುವವನು ಕಥೆಯ ಹೊರಗೇ ನಿಲ್ಲುತ್ತಾನೆ. 11ನೇ ಶತಮಾನದ ದುರ್ಗಸಿಂಹನ ‘ಪಂಚತಂತ್ರ’ದಲ್ಲಿ ಪ್ರಾಣಿಗಳೇ ಒಂದಕ್ಕೊಂದು ಕಥೆ ಹೇಳುತ್ತವೆ. ಅಲ್ಲಿ ಯಾರೂ ಸುಮ್ಮನೆ ಹೇಳುವುದಿಲ್ಲ. ಕೇಳುವವರ ಮನಸ್ಸು ತಿರುಗಿಸಲು ಹೇಳುತ್ತಾರೆ.

1920ರಲ್ಲಿ ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ ಬಂತು. ‘ರಂಗನ ಮದುವೆ’ಯ ಶ್ಯಾಮ ಜಗಲಿಯ ಮೇಲೆ ಕೂತು ಮಾತಾಡುವಂತೆ ನಮ್ಮೊಡನೆ ಮಾತಾಡುತ್ತಾನೆ. ಜ್ಯೋತಿಷ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಮದುವೆಗೆ ದಾರಿ ಮಾಡಿದವನೂ ಅವನೇ. ಹೇಳುವವನು ಈಗ ಕಥೆಯ ಒಳಗೆ ಬಂದಿದ್ದ. 1965ರ ‘ಸಂಸ್ಕಾರ’ ಕಾದಂಬರಿಯಲ್ಲಿ ಅನಂತಮೂರ್ತಿ ‘ಅವನು’ ಎಂದೇ ಬರೆದರೂ ನಿರೂಪಣೆಯನ್ನು ಕಥಾನಾಯಕ ಪ್ರಾಣೇಶಾಚಾರ್ಯರ ಮನಸ್ಸಿನೊಳಕ್ಕೆ ಇಳಿಸಿದರು. ಅವರ ತಳಮಳ ಓದುಗನದೂ ಆಯಿತು.

2013ರಲ್ಲಿ ಬಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನದೇ ಕಥೆ. ಹೆಸರೇ ಇಲ್ಲದ ‘ನಾನು’ ಕಾಫಿಹೌಸಿನಲ್ಲಿ ಕೂತು ತನ್ನ ಮನೆಯ ಸಂಗತಿ ಹೇಳುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟುತ್ತಾರೆ, ನಿರೂಪಕ ಸುಮ್ಮನಿರುತ್ತಾನೆ. ಅವನ ಮಾತು ಎಷ್ಟು ನಯವೋ ನಮ್ಮ ಅನುಮಾನ ಅಷ್ಟು ಹೆಚ್ಚುತ್ತದೆ. ಹೇಳದೆ ಬಿಟ್ಟದ್ದೇ ಇಲ್ಲಿ ನಿಜವಾದ ಕಥೆ.

ಹೀಗೆ ಹೊರಗಿದ್ದ ನಿರೂಪಕ ಒಳಗೆ ಬಂದ, ಕೊನೆಗೆ ತಾನೇ ಕಟಕಟೆಯಲ್ಲಿ ನಿಂತ. ಕಥೆಗಾರರು ನಮಗೆ ಕಲಿಸಿರುವ ದೊಡ್ಡ ಪಾಠ ಇದು: ಕಥೆ ಕೇಳುವಾಗ ಮಾತಿಗೆ ಅವಕಾಶ ಸಿಗದವರನ್ನೂ ನೆನೆಯಬೇಕು. ಬೈಯಪ್ಪನಹಳ್ಳಿಯಲ್ಲಿ ಕೇಳಿದ ಆ ಒಂದು ಸಾಲಿನಲ್ಲಿ ‘ನಾನು’ ಇದ್ದರು. ಬಾಗಿಲ ಆಚೆ ಒಬ್ಬಳಿದ್ದಾಳೆ. ನನಗೆ ಈಗ ಅವಳ ಕಥೆ ಬೇಕು.