ಹಳೇ ಜೀಪಿಗೆ ಕರೆಂಟ್ ಫ್ಯಾನ್ ಹಾಕುವುದು ಹೇಗೆ?



ನಮ್ಮೂರಿಗೆ ಬಸ್ಸು ಬರುವುದು ದಿನಕ್ಕೆ ಎರಡೇ ಸಲ. ಉಳಿದ ಹೊತ್ತಿನಲ್ಲಿ ಸಂತೆಗಾಗಲಿ, ಆಸ್ಪತ್ರೆಗಾಗಲಿ ನಮ್ಮ ಸೋದರಮಾವನ ಹಳೇ ಜೀಪೇ ಆಗಬೇಕು. ಹೋದ ಬೇಸಿಗೆಯಲ್ಲಿ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ನಿಂತಾಗಲೆಲ್ಲ ಅದರ ನೀರು ಕುದಿದು ಹಬೆ ಬರುತ್ತಿತ್ತು. ಹೆರಿಗೆ ನೋವಿನವರನ್ನು ಕರೆದೊಯ್ಯುವಾಗ ಹೀಗಾದರೆ ಏನು ಗತಿ? ಅದಕ್ಕೇ ಮಾವ ಕರೆಂಟ್ ಫ್ಯಾನ್ ಹಾಕಿದರು. ನಾನು ಜೊತೆಯಲ್ಲಿದ್ದು ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಬಿಸಿ ಆಗುವುದು ಯಾಕೆ?

ಹಳೇ ಗಾಡಿಗಳಲ್ಲಿ ಫ್ಯಾನನ್ನು ಇಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತದೆ. ಗಾಡಿ ನಿಂತು ಇಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಎದುರುಗಾಳಿಯೂ ಇಲ್ಲ. ಕರೆಂಟ್ ಫ್ಯಾನಾದರೆ ಇಂಜಿನ್ ಎಷ್ಟೇ ನಿಧಾನವಿದ್ದರೂ ತನ್ನ ವೇಗದಲ್ಲೇ ತಿರುಗುತ್ತದೆ.

"ಹಾಗಾದ್ರೆ ಫ್ಯಾನ್ ಹಾಕಿದ್ರೆ ಸಾಕಲ್ವಾ ಮಾವ?" ಅಂದೆ. "ರೇಡಿಯೇಟರ್ ಒಳಗೆ ತುಕ್ಕು ಕಟ್ಟಿದ್ರೆ ಯಾವ ಫ್ಯಾನೂ ಕೆಲಸಕ್ಕೆ ಬರಲ್ಲ ಕಣೋ" ಅಂದರು. ಮೊದಲು ಅದನ್ನು ತೊಳೆಸಿ, ಸೋರಿಕೆ ನೋಡಿ, ಆಮೇಲೆ ಕೆಲಸಕ್ಕೆ ಕೈ ಹಾಕಿದರು.

ನೇರವಾಗಿ ಕೀಗೆ ಕೊಡಬಾರದೇಕೆ?

ನಮ್ಮ ಫ್ಯಾನು 12 ವೋಲ್ಟ್, 120 ವ್ಯಾಟ್. 120ನ್ನು 12ರಿಂದ ಭಾಗಿಸಿ: 10 ಆಂಪಿಯರ್. ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಒಂದೇ ತಂತಿಯಲ್ಲಿ ಕರೆಂಟು ಹತ್ತು ಪಟ್ಟಾದರೆ ಬಿಸಿ ನೂರು ಪಟ್ಟಾಗುತ್ತದೆ. ಕೀಯ ಹಿಂದಿನ ಸಣ್ಣ ತಂತಿ ಇದನ್ನು ತಾಳದು. ಪ್ಲಾಸ್ಟಿಕ್ ಕರಗಿ ಬೆಂಕಿಯೇ ಹತ್ತಬಹುದು.

ಇದಕ್ಕೆ ಉಪಾಯ ರಿಲೇ. ಅದರೊಳಗೆ ಒಂದು ವಿದ್ಯುತ್ಕಾಂತ ಇದೆ. ಅದಕ್ಕೆ ಕಾಲು ಆಂಪಿಯರ್ ಕೂಡ ಬೇಡ. ಆ ಚಿಕ್ಕ ಕರೆಂಟು ಹರಿದರೆ ಕಾಂತ ಒಂದು ಪಟ್ಟಿಯನ್ನು ಎಳೆದು ದೊಡ್ಡ ಕರೆಂಟಿಗೆ ದಾರಿ ಮಾಡುತ್ತದೆ.

ತಂತಿ ಜೋಡಿಸುವ ಕ್ರಮ

ಮೊದಲು ಬ್ಯಾಟರಿಯ ಅರ್ತ್ ತಂತಿ ಬಿಚ್ಚಬೇಕು. ರಿಲೇ ಕಾಲುಗಳ ಮೇಲೆ ನಂಬರ್ ಇರುತ್ತದೆ.

30: ಬ್ಯಾಟರಿಯ ಪ್ಲಸ್‌ನಿಂದ, 20 ಆಂಪಿಯರ್ ಫ್ಯೂಸಿನ ಮೂಲಕ.
87: ಫ್ಯಾನಿನ ಪ್ಲಸ್‌ಗೆ.
86: ಕೀ ತಿರುಗಿಸಿದಾಗ ಕರೆಂಟು ಬರುವ ತಂತಿಗೆ.
85: ಥರ್ಮೋ ಸ್ವಿಚ್ಚಿಗೆ, ಅಲ್ಲಿಂದ ಅರ್ತ್‌ಗೆ.

ಫ್ಯಾನಿನ ಇನ್ನೊಂದು ತಂತಿ ಬಣ್ಣ ಕೆರೆದ ಚಾಸಿಗೆ ಬಿಗಿಯಾಗಿ ಅರ್ತ್ ಆಗಬೇಕು. ಫ್ಯಾನಿನ ತಂತಿಗಳಿಗೆ ನಾವು 4 ಚದರ ಮಿಲಿಮೀಟರ್ ದಪ್ಪದ್ದು ಹಾಕಿದೆವು. ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರಬೇಕು. ದೂರ ಇಟ್ಟರೆ ನಡುವಿನ ತಂತಿ ಉಜ್ಜಿ ಚಾಸಿಗೆ ತಾಗಿದಾಗ ಕಾಪಾಡುವವರೇ ಇಲ್ಲ.

ಥರ್ಮೋ ಸ್ವಿಚ್ ರೇಡಿಯೇಟರಿನ ನೀರಿಗೆ ತಾಗುವಂತೆ ಕೂರುತ್ತದೆ. ನಮ್ಮದು 92 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿ 87ಕ್ಕೆ ಆರುತ್ತದೆ. ಡ್ರೈವರ್ ನೆನಪಿಟ್ಟು ಗುಂಡಿ ಒತ್ತುವ ಕೆಲಸವೇ ಇಲ್ಲ.

ಮರೆಯಬಾರದ ಮಾತುಗಳು

1. ರೇಡಿಯೇಟರಿನ ಹಿಂದೆ ಕೂರುವ ಫ್ಯಾನು ಗಾಳಿಯನ್ನು ಇಂಜಿನ್ ಕಡೆಗೆ ಎಳೆಯಬೇಕು. ಮುಂದೆ ಒಂದು ಕಾಗದ ಹಿಡಿದು ನೋಡಿ, ಅಂಟಿಕೊಂಡರೆ ಸರಿ. ಪ್ಲಸ್ ಮೈನಸ್ ಅದಲುಬದಲಾದರೆ ಉಲ್ಟಾ ತಿರುಗುತ್ತದೆ.

2. ಹಳೇ ಫ್ಯಾನ್ ತೆಗೆದರೂ ಬೆಲ್ಟು ತೆಗೆಯಬಾರದು. ನೀರಿನ ಪಂಪು ತಿರುಗುವುದು ಅದರಿಂದಲೇ.

3. ತೀರಾ ಹಳೇ ಗಾಡಿಗಳಲ್ಲಿ ಡೈನಮೋ ಇರುತ್ತದೆ. ಇಂಜಿನ್ ನಿಧಾನವಿದ್ದಾಗ ಅದರಿಂದ ಹೆಚ್ಚು ಕರೆಂಟು ಬರುವುದಿಲ್ಲ, ಬ್ಯಾಟರಿ ಖಾಲಿಯಾಗುತ್ತದೆ. ಆಲ್ಟರ್ನೇಟರ್ ಇದ್ದರೆ ಒಳ್ಳೆಯದು. ಕೆಲವು ಹಳೇ ಗಾಡಿಗಳು 6 ವೋಲ್ಟಿನವು, ಕೆಲವಕ್ಕೆ ಪ್ಲಸ್ ಅರ್ತ್. ಅವಕ್ಕೆ ಈ ಕ್ರಮ ಹೊಂದುವುದಿಲ್ಲ.

4. ಕೀ ಆನ್ ಇದ್ದಾಗ ಫ್ಯಾನಿನ ಹತ್ತಿರ ಕೈ ಬೇಡ, ಯಾವ ಕ್ಷಣದಲ್ಲಾದರೂ ತಿರುಗಬಹುದು. ಬಿಸಿ ರೇಡಿಯೇಟರಿನ ಮುಚ್ಚಳವನ್ನಂತೂ ತೆಗೆಯಲೇಬಾರದು. ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ.

ಮಾವ ಕೊಟ್ಟ ಕೆಟ್ಟ ರಿಲೇ ಒಂದರ ಮುಚ್ಚಳ ಬಿಚ್ಚಿ ವಿಜ್ಞಾನದ ಮೇಜಿನ ಮೇಲೆ ಇಟ್ಟಿದ್ದೇನೆ. ಒಳಗಿನ ಸುರುಳಿ, ಎಳೆಯುವ ಪಟ್ಟಿ ಎರಡೂ ಕಾಣುತ್ತವೆ. ಹತ್ತನೇ ತರಗತಿಯ ವಿದ್ಯುತ್ಕಾಂತದ ಪಾಠಕ್ಕೆ ಮುಂಚೆ ಎಲ್ಲರೂ ಒಮ್ಮೆ ನೋಡಿ.