ಸಾಕಮ್ಮ: ಯಾವ 'ಸಾಕು'?

ಇವತ್ತಿನ ಸಂಚಿಕೆ ಒಂದೇ ಒಂದು ಹೆಸರಿನ ಬಗ್ಗೆ. ಸಾಕಮ್ಮ. ನನ್ನ ಅಜ್ಜಿಯ ಹೆಸರು.

ಹೋದ ತಿಂಗಳು ಅಜ್ಜಿಯ ಪಿಂಚಣಿ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ವಿ. ಅರ್ಜಿ ಓದಿದವರು, "ಮನೇಲಿ ಎಷ್ಟನೇ ಹೆಣ್ಣುಮಗು ಅಜ್ಜಿ ನೀವು?" ಅಂತ ನಕ್ಕರು. ಅಜ್ಜಿ, "ನಾಲ್ಕನೆಯವಳು ಕಣಪ್ಪ" ಅಂತ ತಾನೂ ನಕ್ಕಳು. ನನಗೆ ನಗು ಬರಲಿಲ್ಲ.

ಆ ಪ್ರಶ್ನೆಯ ಹಿಂದಿನ ಲೆಕ್ಕ ಹಳ್ಳಿಗಳಲ್ಲಿ ಹಳೆಯದು. ಸಾಲಾಗಿ ಹೆಣ್ಣೇ ಹುಟ್ಟಿದರೆ, 'ಹೆಣ್ಣು ಇಷ್ಟಕ್ಕೆ ಸಾಕು, ಮುಂದಿನದು ಗಂಡಾಗಲಿ' ಅಂತ ಮಗುವಿಗೆ ಸಾಕಮ್ಮ ಅನ್ನೋ ಹೆಸರಿಡುತ್ತಿದ್ದರು. ಉತ್ತರ ಕರ್ನಾಟಕದ ಕಡೆ ಸಾಕವ್ವ. ಇದು ನಮ್ಮಲ್ಲಿ ಮಾತ್ರ ಅಲ್ಲ. ತಮಿಳುನಾಡಿನಲ್ಲಿ 'ವೇಂಡಾಮ್', ಅಂದ್ರೆ ಬೇಡ. ಮಹಾರಾಷ್ಟ್ರದಲ್ಲಿ 'ನಕುಶಾ', ಅಂದ್ರೆ ಬೇಡವಾದವಳು. ಸಾತಾರಾ ಜಿಲ್ಲೆಯಲ್ಲಿ 2011ರಲ್ಲಿ ಸಮಾರಂಭ ಮಾಡಿ, ಇಂಥ ಹೆಸರಿದ್ದ 280ಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರು ಕೊಟ್ಟರು.

ಆದರೆ ಕನ್ನಡದಲ್ಲಿ 'ಸಾಕು' ಎರಡಿವೆ ನೋಡಿ. ಒಂದು, 'ಸಾಲದು' ಅನ್ನೋದಕ್ಕೆ ಎದುರಿನದು. ಇನ್ನೊಂದು, ಸಾಕಿ ಸಲಹೋ ಸಾಕು. ಸಾಕುತಾಯಿ, ಸಾಕುಮಗಳು ಅಂತೀವಲ್ಲ, ಅದು. ಆ ಲೆಕ್ಕದಲ್ಲಿ ಸಾಕಮ್ಮ ಅಂದ್ರೆ ಸಾಕುವ ಅಮ್ಮ ಅಂತಲೂ ಓದಬಹುದು. ಜೊತೆಗೆ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿಯೂ ಇದೆ. ಹಾಗಾಗಿ ಪ್ರತಿಯೊಬ್ಬ ಸಾಕಮ್ಮನೂ ಬೇಡದ ಮಗಳು ಅಂತ ತೀರ್ಮಾನ ಮಾಡೋ ಹಾಗಿಲ್ಲ.

ಬಿಕಾಂ ಓದಿದ ನನಗೆ ತುಂಬಾ ಇಷ್ಟವಾದ ಸಾಕಮ್ಮ ಒಬ್ಬರಿದ್ದಾರೆ. ತುಮಕೂರು ಕಡೆಯವರು. ಕೊಡಗಿನ ಕಾಫಿ ತೋಟದ ಮನೆಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸಿದರು. ಆಮೇಲೆ ಬೆಂಗಳೂರಿಗೆ ಬಂದು ಬಸವನಗುಡಿಯಲ್ಲಿ ಕಾಫಿಪುಡಿ ಕಾರ್ಖಾನೆ ಹಾಕಿದರು. ಜನ ಕರೆದದ್ದೇ 'ಕಾಫಿಪುಡಿ ಸಾಕಮ್ಮ' ಅಂತ. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯೆಯೂ ಆದರು. ಸಾಕಮ್ಮ ಗಾರ್ಡನ್ ಅನ್ನೋ ಬಡಾವಣೆಯ ಹೆಸರು ಅವರಿಂದಲೇ ಬಂದದ್ದು.

ಈಗ ಯಾರೂ ಮಗಳಿಗೆ ಸಾಕಮ್ಮ ಅಂತ ಹೆಸರಿಡೋದು ಕಾಣಲ್ಲ. ಹಾಗಂತ ಆ ಲೆಕ್ಕ ಮುಗಿದಿದೆಯಾ? ಮೊದಲು ಹುಟ್ಟಿದ ಮೇಲೆ 'ಸಾಕು' ಅಂತಿದ್ದರು. ಸ್ಕ್ಯಾನಿಂಗ್ ಬಂದ ಮೇಲೆ ಹುಟ್ಟೋಕೆ ಮೊದಲೇ ಅನ್ನೋ ಹಾಗಾಯ್ತು. ಭ್ರೂಣಲಿಂಗ ಪತ್ತೆ ತಡೆಯೋಕೆ 1994ರಲ್ಲಿ ಕಾನೂನೇ ಬರಬೇಕಾಯ್ತು. ಹೆಸರು ಹೋದರೂ ಮನಸ್ಸು ಅಲ್ಲೇ ಇತ್ತು.

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಅಜ್ಜಿಯನ್ನ ಕೇಳಿದೆ, "ಈ ಹೆಸರಿನ ಬಗ್ಗೆ ನಿಂಗೆ ಬೇಜಾರಿಲ್ವಾ?"

ಅಜ್ಜಿ ಕಿಟಕಿ ಕಡೆ ನೋಡ್ತಾ ಹೇಳಿದಳು: "ನನ್ನ ಹಿಂದೆ ಹುಟ್ಟಿದ್ದೂ ಹೆಣ್ಣೇ ಮಗಾ. ಅಮ್ಮ ಹೊಲಕ್ಕೆ ಹೋಗ್ತಿದ್ಲು. ಅವಳನ್ನ ಎತ್ತಿ ಸಾಕಿದೋಳು ನಾನೇ."

ನಿಮ್ಮ ಮನೆಯಲ್ಲೂ ಒಬ್ಬ ಸಾಕಮ್ಮ ಇದ್ದರೆ, ಅರ್ಥ ನೀವೇ ಊಹಿಸೋ ಮೊದಲು ಅವರನ್ನೇ ಒಮ್ಮೆ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.